ಫೋನ್ ಹತ್ತದ ದಾರಿ

ಜನವರಿ 12, ಭಾನುವಾರ

ಶಿವಶರಣಪ್ಪನವರ ಮನೆಯಲ್ಲಿ ಇವತ್ತು ಶ್ರೀಶೈಲದ ನಡಿಗೆಯ ಮಾತುಕತೆ ಇತ್ತು. ನಾನು ಬರುವುದಿಲ್ಲ ಎಂದಿದ್ದೆ. ನಮ್ಮ ಮನೆಯವರು ಕೇಳಲಿಲ್ಲ. ಸೀರೆಗಳಿಗೆ ಫಾಲ್ ಹಚ್ಚುವುದು, ಗೋಡೆ ನೋಡುವುದು ಬಿಟ್ಟರೆ ನಾನು ಬೇರೇನೂ ಮಾಡುತ್ತಿಲ್ಲ ಎಂಬುದು ಇವರ ದೂರು. ಹೋದೆ. ಬಾಗಿಲ ಹತ್ತಿರ ಕುಳಿತೆ.

ಲಿಂಗಂಪಲ್ಲಿಯಲ್ಲಿರುವ ನಮ್ಮ ಕಲಬುರಗಿ, ಬೀದರ ಕಡೆಯ ಜನ ಪ್ರತಿ ವರ್ಷ ಯುಗಾದಿಗೆ ಮುಂಚೆ ಹೋಗುತ್ತಾರೆ. ಆತ್ಮಕೂರಿನವರೆಗೆ ಬಸ್ಸು, ಅಲ್ಲಿಂದ ನಲ್ಲಮಲ ಅಡವಿಯೊಳಗೆ ಕಾಲ್ನಡಿಗೆ. ಹುಲಿಗಳಿರುವ ಅಡವಿ. ಬೇರೆ ದಿನಗಳಲ್ಲಿ ಯಾರನ್ನೂ ಬಿಡುವುದಿಲ್ಲ. ಶಿವರಾತ್ರಿಗೆ ಮತ್ತು ಯುಗಾದಿಗೆ ಮಾತ್ರ ದಾರಿ ತೆರೆಯುತ್ತಾರೆ. ಶಿವರಾತ್ರಿಗೆ ಹೋಗುವವರು ಹೆಚ್ಚಾಗಿ ತೆಲುಗು ಜನ. ನಮ್ಮವರದು ಯುಗಾದಿ. ಶ್ರೀಶೈಲದ ಅಮ್ಮ ಕನ್ನಡದವರ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ. ಹೊಸ ವರ್ಷಕ್ಕೆ ಮಗಳ ಮನೆಗೆ ಹೋಗಿ ಬರುವ ಲೆಕ್ಕ ಅದು.

ಇವರು ಮೂರು ಸಲ ಹೋಗಿ ಬಂದಿದ್ದಾರೆ. ನಾನು ಒಮ್ಮೆಯೂ ಹೋಗಿಲ್ಲ.

ಮಾರ್ಚ್ ಕೊನೆಯ ವಾರ ಎಂದು ಎಲ್ಲರೂ ಒಪ್ಪುವಷ್ಟರಲ್ಲಿ ನಾನು ಬಾಯಿ ತೆರೆದೆ. ಈ ಸಲ ಶಿವರಾತ್ರಿಗೇ ಯಾಕೆ ಹೋಗಬಾರದು, ಬಿಸಿಲು ಕಡಿಮೆ ಇರುತ್ತದೆ, ಕೆರೆಯಲ್ಲಿ ನೀರಿರುತ್ತದೆ ಎಂದೆ. ಎಲ್ಲರೂ ತಿರುಗಿ ನೋಡಿದರು. ಈ ಮನೆಗಳಲ್ಲಿ ನನ್ನ ದನಿ ಕೇಳಿ ಬಹಳ ದಿನವಾಗಿರಬೇಕು. ಶಿವಶರಣಪ್ಪನವರು ಕನ್ನಡಕ ತೆಗೆದು, "ನಮ್ಮ ಮಂದಿ ಎಂದಾರ ಶಿವರಾತ್ರಿಗೆ ಹೋಗ್ಯಾರೇನವಾ?" ಎಂದರು. ಆದರೆ ಹೋದ ವರ್ಷ ಬಿಸಿಲಿಗೆ ಇಬ್ಬರು ತಲೆ ತಿರುಗಿ ಬಿದ್ದಿದ್ದರಂತೆ. ವಯಸ್ಸಾದವರು ನನ್ನ ಕಡೆ ಆದರು. ಫೆಬ್ರವರಿ ಇಪ್ಪತ್ತರ ಸಂಜೆ ಹೊರಡುವುದು ಎಂದು ನಿಶ್ಚಯವಾಯಿತು.

ಬರುವಾಗ ಇವರು, "ನಿನಗ ಯಾತ್ರಿ ಯಾವಾಗಿಂದ ಬೇಕಾತು?" ಎಂದು ಕೇಳಿದರು. ಬರುವ ವರ್ಷಕ್ಕೆ ಮೊಣಕಾಲು ಇಷ್ಟೂ ಇರುವುದಿಲ್ಲ ಎಂದೆ.

ಬುಧವಾರ ಬೀಗತಿ ಉಮಾಬಾಯಿಯವರ ಫೋನ್ ಬಂದಿತ್ತು. ಅಳಿಯ ಬಸವಕಿರಣನಿಗೆ ಹೆಣ್ಣು ಗೊತ್ತಾಗಿದೆಯಂತೆ. ಲಗ್ನ ಫೆಬ್ರವರಿ ಇಪ್ಪತ್ತಮೂರು. ನನ್ನ ಮಗಳು ಹೋಗಿ ಒಂದೂವರೆ ವರ್ಷ ಆಯಿತು. ಅವನಿಗೆ ಮೂವತ್ತೆರಡು. ಮಾಡಿಕೊಳ್ಳಲಿ, ಬೇಡ ಎಂದವರು ಯಾರು?

ಆದರೆ ನಾನು ಹೋಗಬೇಕಂತೆ. ನಮ್ಮ ಮನೆತನಗಳಲ್ಲಿ ತೀರಿಹೋದವಳ ಹೆಸರಲ್ಲಿ ಒಂದು ಸಣ್ಣ ಬಂಗಾರದ ಬಿಲ್ಲೆ ಮಾಡಿಸಿ ಎರಡನೆಯವಳ ತಾಳಿಯ ಪಕ್ಕ ಪೋಣಿಸುತ್ತಾರೆ. ಅದನ್ನು ಕಟ್ಟುವವಳು ತೀರಿಹೋದವಳ ತಾಯಿ. ಕಟ್ಟಿದ ಮೇಲೆ ಬಂದವಳು ಆ ತಾಯಿಗೆ ಮಗಳು. ಅವಳ ಪಂಚಮಿ ಹಬ್ಬ, ಅವಳ ಬಾಣಂತನ ಎಲ್ಲಾ ಈ ತವರಿನದು.

ಕೂಟದಲ್ಲಿ ಇದನ್ನು ಹೇಳಲಿಲ್ಲ. ಹೇಳುವಂಥದ್ದೇನಿದೆ?

ಜನವರಿ 15, ಬುಧವಾರ

ಶಿವಶರಣಪ್ಪನವರು ಮಧ್ಯಾಹ್ನ ಬಂದು ದಾರಿ ತಿಳಿಸಿದರು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಯಾವುದನ್ನೂ ಬಾಯಲ್ಲಿ ಹೇಳಿ ಬಿಡುವವರಲ್ಲ. ನಮ್ಮ ಅಡುಗೆಮನೆಯ ಸಾಮಾನನ್ನೇ ನೆಲದ ಮೇಲೆ ಇಟ್ಟರು. ಪರಾತ ಎಂದರೆ ಆತ್ಮಕೂರು. ಲಟ್ಟಣಿಗೆ ವೆಂಕಟಾಪುರದ ದಾರಿ. ಎರಡೂ ಕಡೆ ಕಪ್ಪು ಮಣ್ಣಿನ ಹೊಲ, ನೆರಳಿಲ್ಲ. ಅಲ್ಲಿಂದ ಅಡವಿ ಶುರು. ಲೋಟ ಎಂದರೆ ನಾಗಲೂಟಿ, ವೀರಭದ್ರನ ಗುಡಿ. ಅಲ್ಲಿಗೆ ಹೋಗಲು ಹಳೆಯ ಕಲ್ಲಿನ ಮೆಟ್ಟಿಲು, ಸುತ್ತ ಎಲೆ ಉದುರಿದ ತೇಗ, ಬಿದಿರು. ಆಮೇಲೆ ಹುಲ್ಲಿನ ಬಯಲು. ಒಂದು ತಾಟಿನಲ್ಲಿ ನೀರು ಹಾಕಿ ಇಟ್ಟರು, ಅದು ಪೆದ್ದಚೆರುವು, ತಾವರೆ ಕೆರೆ. ಕೊನೆಗೆ ಒಳಕಲ್ಲಿನ ಗುಂಡು ತಂದು, "ಇದು ಭೀಮನ ಕೊಳ. ಇಲ್ಲೇ ಎಲ್ಲಾರ ಸೊಕ್ಕು ಇಳೀತದ. ಪಾತಾಳಕ್ಕ ಇಳಿದು ಮತ್ತ ಅಷ್ಟ ಏರಬೇಕು" ಎಂದರು. ಅದು ದಾಟಿದರೆ ಕೈಲಾಸದ್ವಾರ, ಶ್ರೀಶೈಲ.

ನಾನು ಒಂದೊಂದು ಪಾತ್ರೆಗೂ ಕೇಳಿದೆ, ಅಲ್ಲಿ ಫೋನ್ ಹತ್ತುತ್ತದೆಯೇ ಎಂದು. ನಾಗಲೂಟಿ ದಾಟಿದ ಮೇಲೆ ಇಲ್ಲವಂತೆ. ಕೈಲಾಸದ್ವಾರ ಹತ್ತಿದ ಮೇಲೆ ಮತ್ತೆ ಬರುತ್ತದಂತೆ.

"ಅಡವ್ಯಾಗ ಕುಂತು ಫಾಲ್ ಪಿಕೋ ಅಂಗಡಿ ನಡಸಾಕಿ ಏನು?" ಎಂದು ನಕ್ಕರು.

ವಯಸ್ಸಿನ ಹುಡುಗರು ಎರಡೇ ದಿನದಲ್ಲಿ ದಾಟುತ್ತಾರಂತೆ. ನಮಗೆ ಅಷ್ಟು ಅವಸರ ಬೇಡ, ಮುದುಕರಿದ್ದಾರೆ, ದಿನಕ್ಕೊಂದು ಠಿಕಾಣಿ ಇರಲಿ ಎಂದೆ. ಒಪ್ಪಿದರು. ಇಪ್ಪತ್ತಮೂರಕ್ಕೆ ನೀರಿನ ತಾಟಿನ ಹತ್ತಿರ ಇರುತ್ತೇವೆ.

ಅವರು ಹೋದ ಮೇಲೆ ಪಾತ್ರೆಗಳನ್ನು ಎತ್ತಿಡಲು ಬೇಸರವಾಗಿ ಹಾಗೇ ಬಿಟ್ಟೆ. ಸಂಜೆ ಇವರು ಬಂದು ತಾಟು ಎಡವಿ ಕೆರೆಯನ್ನೆಲ್ಲ ಚೆಲ್ಲಿದರು.

ಜನವರಿ 20, ಸೋಮವಾರ

ಅಭ್ಯಾಸಕ್ಕೆ ಎಂದು ಬೆಳಿಗ್ಗೆ ಯೂನಿವರ್ಸಿಟಿ ಕಾಂಪೌಂಡಿನ ಗುಂಟ ನಡೆದೆ. ಅರ್ಧಕ್ಕೇ ಕುಳಿತೆ. ಒಂದು ನಾಯಿ ಬಂದು ಪಕ್ಕದಲ್ಲಿ ಕುಳಿತಿತು. ಇಬ್ಬರೂ ಎದ್ದು ಬಂದೆವು.

ಜನವರಿ 26, ಭಾನುವಾರ

ಉಮಾಬಾಯಿ ಬಂದಿದ್ದರು. ಎರ್ರಗಡ್ಡದಿಂದ ಮೆಟ್ರೋ, ಆಟೋ ಹಿಡಿದು, ಕೈಯಲ್ಲಿ ಲಗ್ನಪತ್ರಿಕೆ, ಕರದಂಟು. ಕೆಟ್ಟ ಹೆಂಗಸಲ್ಲ. ನನ್ನ ಮಗಳು ಆಸ್ಪತ್ರೆಯಲ್ಲಿದ್ದಾಗ ನನಗಿಂತ ಹೆಚ್ಚು ಅವರೇ ಅತ್ತರು. ಅದೇ ನನಗೆ ಆಗ ಸಿಟ್ಟು ತರಿಸಿತ್ತು.

ಇಪ್ಪತ್ತಮೂರಕ್ಕೆ ನಾವು ಅಡವಿಯಲ್ಲಿರುತ್ತೇವೆ, ಶ್ರೀಶೈಲಕ್ಕೆ ಹೊರಟಿದ್ದೇವೆ ಎಂದು ಹೇಳಿದೆ. ಅವರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು.

"ಶಿವರಾತ್ರಿಗೆ ಹೊಂಟೀರಾ? ನೀವು?"

"ಹೌದ್ರಿ. ಎಲ್ಲಾರೂ ಸೇರಿ ಮಾಡ್ಯಾರ. ನಾ ಒಬ್ಬಾಕಿ ಹ್ಯಾಂಗ ತಪ್ಪಿಸ್ಲಿ?"

"ಮಲ್ಲಯ್ಯ ಎಲ್ಲಿಗೂ ಹೋಗಂಗಿಲ್ಲ ಬೀಗತಿ. ಯುಗಾದಿಗೂ ಅಲ್ಲೇ ಇರ್ತಾನ." ಲಗ್ನಪತ್ರಿಕೆಯನ್ನು ನನ್ನ ಕಡೆ ಸರಿಸಿ ಅಂದರು: "ಹುಡುಗಿಗೆ ತಾಯಿ ಇಲ್ರಿ. ಕಾಕಾನ ಮನ್ಯಾಗ ಬೆಳದಾಳ. ಸಪ್ನಾನ ಬಿಲ್ಲಿ ನೀವ ಕಟ್ಟಬೇಕು ಅಂತ ಆಕೀನ ಹೇಳ್ಯಾಳ."

ಮಗಳ ಹೆಸರು ಕೇಳಿ ನಾನು ಎದ್ದು ಅಡುಗೆಮನೆಗೆ ಹೋದೆ. ಹಾಲು ಉಕ್ಕಿತೇನೋ ಎಂದು. ಹಾಲು ಇಟ್ಟೇ ಇರಲಿಲ್ಲ.

ನೀವೇ ಕಟ್ಟಿಬಿಡಿ, ನೀವೂ ತಾಯಿಯಂತೆಯೇ ಇದ್ದಿರಲ್ಲ ಎಂದು ಒಳಗಿನಿಂದಲೇ ಹೇಳಿದೆ. ಅವರು ಹೋಗುವಾಗ ಕರದಂಟಿನ ಡಬ್ಬಿಯನ್ನು ಫ್ರಿಜ್ಜಿನ ಮೇಲೆ ಇಟ್ಟು, "ಅಡವ್ಯಾಗ ಜ್ವಾಕಿ" ಎಂದರು.

ಜನವರಿ 30, ಗುರುವಾರ

ದಾರಿಗೆಂದು ಕಟಕ ರೊಟ್ಟಿ ಬಡಿದೆ. ಶೇಂಗಾ ಹಿಂಡಿ ಕುಟ್ಟಿದೆ. ಬೇರೇನಿಲ್ಲ.

ಫೆಬ್ರವರಿ 4, ಮಂಗಳವಾರ

ಕಿರಣ ಸಿಕಂದರಾಬಾದಿನಲ್ಲಿ ಇವರು ಕೆಲಸ ಮಾಡುವ ಬಟ್ಟೆ ಅಂಗಡಿಗೆ ಹೋಗಿದ್ದನಂತೆ. ಗಿರಾಕಿಗಳ ನಡುವೆ ಅರ್ಧ ಗಂಟೆ ನಿಂತನಂತೆ. ಇವರು ಸೀರೆ ಬಿಚ್ಚಿ ತೋರಿಸುತ್ತಿದ್ದರೆ ಅವನು ಮಡಚಿ ಕೊಡುತ್ತಿದ್ದನಂತೆ. ಲಗ್ನದ ಮಾತು ಇಬ್ಬರೂ ಆಡಲಿಲ್ಲವಂತೆ. ಹೋಗುವಾಗ, ಅತ್ತೆಯ ಮೊಣಕಾಲು ಹೇಗಿದೆ, ಅಡವಿಯಲ್ಲಿ ಆದೀತೇ ಎಂದಷ್ಟೇ ಕೇಳಿದನಂತೆ.

ಊಟದ ಹೊತ್ತಿಗೆ ಇವರು, ನಾನು ಲಗ್ನಕ್ಕೆ ಹೋಗುತ್ತೇನೆ, ನೀನು ಬೇಕಾದರೆ ಶ್ರೀಶೈಲಕ್ಕೆ ಹೋಗು ಎಂದರು. ನಾನು ಒಂದು ಮಾತು ಹೆಚ್ಚು ಆಡಿದೆ. ನಿಮಗೆ ಮರೆಯುವುದು ಸುಲಭ, ನಾನು ಹಡೆದವಳು ಎಂದೆ. ಇವರು ತಾಟಿನಲ್ಲಿ ಕೈ ತೊಳೆದು ಎದ್ದರು. ರೊಟ್ಟಿ ಹಾಗೇ ಇತ್ತು.

ಆಮೇಲೆ ಬಂದು, ಇಬ್ಬರೂ ಅಡವಿಗೇ ಹೋಗೋಣ ಎಂದರು. ಸಿಟ್ಟಿನಿಂದ ಅಲ್ಲ. ದಣಿವಿನಿಂದ ಹೇಳಿದಂತಿತ್ತು.

ಫೆಬ್ರವರಿ 9, ಭಾನುವಾರ

ಆ ಹುಡುಗಿ ಬಂದಿದ್ದಳು. ಹೆಸರು ಕಾವ್ಯಾ.

ಬಾಗಿಲು ತೆರೆದರೆ ಕಡುಗೆಂಪು ಚೂಡಿದಾರದ ಒಬ್ಬಳು ನಿಂತಿದ್ದಳು. ಫಾಲ್ ಹಚ್ಚಿಸಲು ಬಂದವಳೆಂದು ತಿಳಿದು ಸೀರೆ ಎಲ್ಲಿ ಎಂದು ಕೇಳಿದೆ. "ಸೀರಿ ತಂದಿಲ್ರಿ ಅವ್ವಾರ, ನಾ ಒಬ್ಬಾಕೀನ ಬಂದೀನಿ" ಎಂದಳು. ಆಂಟಿ ಎಂದಿದ್ದರೆ ಸಾಕಿತ್ತು.

ಅಮೀರ್‌ಪೇಟದ ಒಂದು ಕನ್ನಡಕದ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಾಳಂತೆ. ಕಾಕಾನ ಮನೆ ಜಹೀರಾಬಾದಿನಲ್ಲಿ, ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಬೆಳ್ಳಗಿಲ್ಲ, ಎತ್ತರವಿದ್ದಾಳೆ. ನೆಲದ ಮೇಲೆ ಕುಳಿತು ಚಹಾದಲ್ಲಿ ಸಕ್ಕರೆ ಕಡಿಮೆ ಆಯಿತು ಎಂದು ಕೇಳಿ ಹಾಕಿಸಿಕೊಂಡಳು. ಮದುವೆಯಾಗುವ ಹುಡುಗಿ ಗಂಡನ ಹಳೆಯ ಅತ್ತೆಯ ಮನೆಗೆ ಬಂದು ಸಕ್ಕರೆ ಕೇಳುವುದನ್ನು ನಾನು ನೋಡಿರಲಿಲ್ಲ.

ನಾನು ಏನು ಮಾತಾಡಲಿ? ನಡಿಗೆಯ ಮಾತು ಹೇಳಿದೆ. ಕಪ್ಪು ಹೊಲ, ಮೆಟ್ಟಿಲು, ಬಿದಿರು, ಬಯಲು, ಎಲ್ಲಾ ಹೇಳಿದೆ. ಹುಲಿ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಳು. ನಮ್ಮ ಶಿವಶರಣಪ್ಪನವರ ಭಜನೆಗೆ ಹುಲಿ ಆ ಕಡೆ ಬರುವುದಿಲ್ಲವಂತೆ ಎಂದೆ. ನಕ್ಕಳು. ಆಮೇಲೆ ಲೋಟ ತಿರುಗಿಸುತ್ತಾ ಕೇಳಿದಳು:

"ಇಪ್ಪತ್ಮೂರಕ್ಕ ಎಲ್ಲಿ ಇರ್ತೀರಿ?"

"ಪೆದ್ದಚೆರುವು ಅಂತ. ಕೆರಿ ಐತಿ."

"ಅಲ್ಲಿ ಫೋನ್ ಹತ್ತತೈತೇನ್ರಿ?"

"ಇಲ್ಲ."

ಚಹಾ ಮುಗಿಸಿದಳು. "ಚಲೋ ಜಾಗಾ ಹುಡುಕೀರಿ ಬಿಡ್ರಿ ಅವ್ವಾರ" ಎಂದಳು.

ಆಕೆ ಚುಚ್ಚಲು ಹೇಳಿದಂತಿರಲಿಲ್ಲ. ನಿಜವಾಗಿ ಒಳ್ಳೆಯ ಜಾಗ ಎಂದೇ ಹೇಳಿದಂತಿತ್ತು. ಅದು ಇನ್ನೂ ಕಷ್ಟ.

"ನಾ ತವರು ಬೇಕಂತ ಬಂದಿಲ್ರಿ. ಇಪ್ಪತ್ತು ವರ್ಷ ತವರು ಇಲ್ದ ನಡಿಸೀನಿ, ನಡೀತೈತಿ. ಆದ್ರ ಸಪ್ನಾ ಅವ್ರ ಬಿಲ್ಲಿ ಸಾಯೂತನ ಕೊರಳಾಗ ಹಾಕ್ಕೋಬೇಕು. ಆಕಿ ಹ್ಯಾಂಗಿದ್ಲು ಅಂತ ಗೊತ್ತಿಲ್ದ ಹ್ಯಾಂಗ ಹಾಕ್ಕೊಳ್ಳಿ? ಕಿರಣ ಅವ್ರನ್ನ ಕೇಳಿದ್ರ, ಭಾಳ ಚಲೋ ಇದ್ಲು ಅಂತಾರ. ಉಮಾಬಾಯಿಯವ್ರೂ ಭಾಳ ಚಲೋ ಇದ್ಲು ಅಂತಾರ. ಅಷ್ಟ. ಮುಂದ ಬಾಯಿ ಬಿಡೂದಿಲ್ಲ. ನೀವಾರ ಹೇಳ್ತೀರೇನು ಅಂತ ಬಂದೆ."

ಹೌದು, ಬಹಳ ಒಳ್ಳೆಯವಳಿದ್ದಳು ಎಂದೆ.

ಆಕೆ ಎದ್ದು, ಲೋಟ ತೊಳೆದಿಟ್ಟು ಹೋದಳು.

ಫೆಬ್ರವರಿ 16, ಭಾನುವಾರ

ಕೊನೆಯ ಕೂಟ. ಎಲ್ಲ ಸರಿಯಾಗಿದೆ. ನೀರು ಎಲ್ಲಿ ತುಂಬಿಕೊಳ್ಳಬೇಕು, ಬಿದಿರಿನ ಕಡೆ ಹಿಂದುಳಿಯಬಾರದು, ಪ್ಲಾಸ್ಟಿಕ್ ಒಯ್ಯಬಾರದು. ಗುಳಿಗೆ, ಬ್ಯಾಟರಿ, ಹಾಸುವ ತಾಡಪತ್ರಿ. ನಾನು ಹೇಳಿದ್ದನ್ನೆಲ್ಲ ಎಲ್ಲರೂ ಕೇಳುತ್ತಾರೆ. ಇಷ್ಟು ಜನ ನನ್ನ ಮಾತು ಕೇಳಿದ್ದು ಜನ್ಮದಲ್ಲಿ ಇದೇ ಮೊದಲು.

ಏಳುವಾಗ ಶಿವಶರಣಪ್ಪನವರು ನನ್ನನ್ನು ತೋರಿಸಿ ತಮಾಷೆಗೆ ಅಂದರು. "ಯುಗಾದಿಗೆ ಹೋದ್ರ ಮಗಳನ್ನ ಮಾತಾಡಸಾಕ ಹೋದಂಗ. ಶಿವರಾತ್ರಿಗೆ ಅಲ್ಲಿ ಮಲ್ಲಯ್ಯನ ಲಗ್ನ. ನಮ್ಮ ಮಂದಾಕಿನಿ ನಮ್ಮನ್ನೆಲ್ಲಾ ಲಗ್ನಕ್ಕ ಕರ್ಕೊಂಡ ಹೊಂಟಾಳ. ಹೆಣ್ಣಿನ ಕಡಿಯವ್ರು ನಾವು, ಖಾಲಿ ಕೈಲೆ ಹೋದ್ರ ಬೀಗರು ನಗ್ತಾರ."

ಎಲ್ಲರೂ ನಕ್ಕರು. ಇವರು ನಗಲಿಲ್ಲ. ನನ್ನ ಕಡೆ ನೋಡಿದರು.

ಶಿವರಾತ್ರಿಯಲ್ಲಿ ಅಲ್ಲಿ ಲಗ್ನ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿದ ಮಾತು. ತಲೆಗೆ ಹೊಳೆಯಲಿಲ್ಲ ಅಷ್ಟೇ. ಒಂದು ಲಗ್ನ ತಪ್ಪಿಸಿ ಇನ್ನೊಂದಕ್ಕೆ ಹೊರಟಿದ್ದೇನೆ.

ಈಗ ಬದಲಾಯಿಸಲು ಆಗುವುದಿಲ್ಲ. ಎಲ್ಲರೂ ರಜೆ ಹಾಕಿದ್ದಾರೆ.

ಫೆಬ್ರವರಿ 21, ಶುಕ್ರವಾರ. ವೆಂಕಟಾಪುರ

ಹೊಲಗಳು ಮುಗಿಯುವುದೇ ಇಲ್ಲ. ಕಾಲು ಸುಡುತ್ತದೆ. ಅಡವಿಯ ಅಂಚಿನಲ್ಲಿ ಶಾಮಿಯಾನ ಹಾಕಿದ್ದಾರೆ. ಎಲ್ಲೆಲ್ಲೂ ತೆಲುಗು ಜನ. ಕನ್ನಡ ಕೇಳಿ, ನೀವೇಕೆ ಈಗಲೇ ಬಂದಿರಿ ಎಂದು ಕೇಳುತ್ತಾರೆ. ಶಿವಶರಣಪ್ಪನವರು ಪ್ರತಿಯೊಬ್ಬರಿಗೂ ನನ್ನನ್ನು ತೋರಿಸುತ್ತಾರೆ.

ಫೆಬ್ರವರಿ 22, ಶನಿವಾರ. ನಾಗಲೂಟಿ

ಮೆಟ್ಟಿಲುಗಳು ಸವೆದು ನುಣುಪಾಗಿವೆ. ಎಷ್ಟು ಜನ ಹೋಗಿರಬೇಕು. ತೇಗದ ಒಣ ಎಲೆ ಕಾಲಡಿ ಹಪ್ಪಳದಂತೆ ಮುರಿಯುತ್ತದೆ. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ನನಗೆ ಅದು ಒಳ್ಳೆಯದೇ ಆಯಿತು. ಮೊಣಕಾಲು ಬಾತಿದೆ.

ಗುಡಿಯ ಹಿಂದೆ ಒಂದು ಬಂಡೆಯ ಮೇಲೆ ನಿಂತರೆ ಫೋನಿಗೆ ಒಂದು ಗೆರೆ ಬರುತ್ತದೆ. ಎಲ್ಲರೂ ಸಾಲು ಹಚ್ಚಿ ಮನೆಗೆ ಮಾತಾಡಿದರು. ಇಲ್ಲಿಂದ ಮುಂದೆ ಇಲ್ಲ. ಇವರು ಬಂಡೆ ಹತ್ತಿ ಕಿರಣನಿಗೆ ಮಾತಾಡಿ ಬಂದರು. ಅರಿಶಿಣ ಹಚ್ಚುತ್ತಿದ್ದಾರಂತೆ. ನಾನು ಕೇಳಲಿಲ್ಲ, ಅವರೇ ಹೇಳಿದರು.

ಫೆಬ್ರವರಿ 23, ಭಾನುವಾರ. ಪೆದ್ದಚೆರುವು

ಬಯಲು ದಾಟಿ ಬಂದೆವು. ಹಳದಿ ಹುಲ್ಲು, ಅಲ್ಲೊಂದು ಇಲ್ಲೊಂದು ಗಿಡ. ಗಾಳಿ ಇಲ್ಲ. ಕೆರೆಯಲ್ಲಿ ನೀರು ತಳಕ್ಕೆ ಹೋಗಿದೆ, ನಾನು ಎಲ್ಲರಿಗೂ ಹೇಳಿದಷ್ಟು ಇಲ್ಲ. ತಾವರೆ ಎಲೆಗಳು ಕೆಸರಿನಲ್ಲಿ ಬಿದ್ದಿವೆ.

ಲಗ್ನದಲ್ಲಿ ಅಕ್ಕಿಕಾಳು ಬೀಳುವ ಹೊತ್ತು ಹನ್ನೆರಡೂವರೆ. ಟೈಮ್ ನೋಡಲು ಫೋನ್ ತೆಗೆದೆ. ಬಹಳ ಸಲ ತೆಗೆದೆನಂತೆ. ಇವರು ಕೊನೆಗೆ ತಮ್ಮ ಗಡಿಯಾರವನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು.

ಕರ್ನೂಲಿನ ಕಡೆಯ ಒಬ್ಬ ಹೆಂಗಸು ಪಕ್ಕದಲ್ಲಿ ಕುಳಿತು ಮಜ್ಜಿಗೆ ಕೊಟ್ಟಳು. ಮಕ್ಕಳೆಷ್ಟು ಎಂದು ಕೇಳಿದಳು. ಒಬ್ಬಳು ಎಂದೆ. ಮದುವೆಯಾಗಿದೆಯೇ ಎಂದಳು. ಆಗಿದೆ ಎಂದೆ. ಎಲ್ಲಿ ಎಂದಳು. ಎರ್ರಗಡ್ಡ ಎಂದೆ. ತೆಲುಗಿನಲ್ಲಿ ಸುಳ್ಳು ಹೇಳುವುದು ಸುಲಭ. ಅಥವಾ ಅದು ಸುಳ್ಳೂ ಅಲ್ಲ.

ಎಷ್ಟು ಹುಡುಕಿ ಬಂದ ಜಾಗ ಇದು. ಇಲ್ಲಿ ಏನೂ ಇಲ್ಲ.

ಫೆಬ್ರವರಿ 25, ಮಂಗಳವಾರ. ಶ್ರೀಶೈಲ

ನಿನ್ನೆ ಬರೆಯಲಾಗಲಿಲ್ಲ. ಭೀಮನ ಕೊಳಕ್ಕೆ ಇಳಿಯುವಾಗ ಕುಳಿತುಕೊಂಡೇ ಇಳಿದೆ. ಏರುವಾಗ ಇವರೊಂದು ಕೈ, ಶಿವಶರಣಪ್ಪನವರೊಂದು ಕೈ. ಎಲ್ಲಾ ಲೆಕ್ಕ ಹಾಕಿದ್ದೆ, ಇದೊಂದು ಹಾಕಿರಲಿಲ್ಲ.

ಕೈಲಾಸದ್ವಾರದ ಹತ್ತಿರ ಎಲ್ಲರ ಫೋನುಗಳೂ ಒಮ್ಮೆಲೇ ಕೂಗತೊಡಗಿದವು. ನನ್ನದಕ್ಕೆ ಒಂದೇ ಬಂದಿತ್ತು. ಕಾವ್ಯಾ ತನ್ನ ದನಿಯಲ್ಲಿ ಕಳಿಸಿದ ಮೆಸೇಜು. "ಅವ್ವಾರ, ಲಗ್ನ ಚಲೋ ಆತ್ರಿ. ಬಿಲ್ಲಿ ಉಮಾಬಾಯಿಯವ್ರ ಕೈಲೆ ಕಟ್ಟಿಸ್ಕೊಳ್ಳಿಲ್ಲ. ಡಬ್ಬ್ಯಾಗ ಐತಿ. ಸಾವಕಾಶ ಬರ್ರಿ."

ಎರಡು ಸಲ ಕೇಳಿದೆ. ಇವರಿಗೂ ಕೇಳಿಸಿದೆ.

ಫೆಬ್ರವರಿ 27, ಗುರುವಾರ. ಮನೆ

ಶಿವರಾತ್ರಿಯ ಲಗ್ನ ನಾನು ನೋಡಲಿಲ್ಲ. ಜನಜಂಗುಳಿ. ಸಂಜೆಯೇ ಶೆಡ್ಡಿನಲ್ಲಿ ತಾಡಪತ್ರಿ ಹಾಸಿ ಒರಗಿದವಳಿಗೆ ನಿದ್ದೆ ಬಂತು. ಎಬ್ಬಿಸಿದರೆ ಏಳಲಿಲ್ಲವಂತೆ. ಅಷ್ಟು ದೂರ ನಡೆದು ನಿದ್ದೆ ಮಾಡಿ ಬಂದವಳು ನಾನೊಬ್ಬಳೇ ಎಂದು ಬಸ್ಸಿನಲ್ಲಿ ಎಲ್ಲರೂ ಆಡಿಕೊಂಡರು.

ಹಿಮ್ಮಡಿಯಲ್ಲಿ ಗುಳ್ಳೆ. ಉಪ್ಪುನೀರಿನಲ್ಲಿ ಇಟ್ಟುಕೊಂಡು ಕುಳಿತಿದ್ದೇನೆ.

ಮಾರ್ಚ್ 5, ಬುಧವಾರ

ಬರೆಯುವುದು ಬಹಳ ಇದೆ, ಕೈ ನೋಯುತ್ತಿದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಉಮಾಬಾಯಿಯವರ ಫೋನ್. ದನಿ ಸಣ್ಣಗಿತ್ತು. ಕಾವ್ಯಾಳಿಗೆ ಐದು ದಿನದಿಂದ ಜ್ವರವಂತೆ. ಡಾಕ್ಟರು ಗಂಟಲಿನದು, ಹೆದರಬೇಡಿ ಎಂದು ಗುಳಿಗೆ ಕೊಟ್ಟಿದ್ದಾರಂತೆ. ಆದರೆ ಲಗ್ನಕ್ಕೆಂದು ಬಂದ ಅವರ ನಾದಿನಿ ಗದಿಗೆಮ್ಮ ಇನ್ನೂ ಊರಿಗೆ ಹೋಗಿಲ್ಲ. ಬಿಲ್ಲೆ ಕಟ್ಟದೆ ಒಳಗೆ ಕರೆದುಕೊಂಡಿರಿ, ಹಿಂದಿನವಳು ಹಿಡಿದಿದ್ದಾಳೆ ಎಂದು ಅವಳು ಮನೆ ತುಂಬ ಹೇಳುತ್ತಿದ್ದಾಳಂತೆ. ಹುಮನಾಬಾದಿನಿಂದ ಒಬ್ಬ ಮಂತ್ರವಾದಿಯನ್ನು ಕರೆಸುತ್ತಾಳಂತೆ.

"ಕರಿಸಿ ಏನ್ ಮಾಡ್ತಾರ್ರಿ?" ಎಂದು ಕೇಳಿದೆ.

ನಾನು ಮತ್ತೆ ಕೇಳಿದೆ.

"ಸಪ್ನಾನ ಕಟ್ಟಿ ಹಾಕಸ್ತಾರಂತ್ರಿ" ಎಂದು ಅತ್ತರು.

ನಾನು ಸೀರೆ ಬದಲಾಯಿಸಲಿಲ್ಲ. ಗುಳ್ಳೆಯ ಕಾಲಿಗೆ ಇವರ ದೊಡ್ಡ ಚಪ್ಪಲಿ ಹಾಕಿಕೊಂಡು ಮಿಯಾಪುರದವರೆಗೆ ಆಟೋ, ಅಲ್ಲಿಂದ ಮೆಟ್ರೋ. ಆ ಮನೆಯ ಮೆಟ್ಟಿಲು ಹತ್ತಿ ಒಂದೂವರೆ ವರ್ಷವಾಗಿತ್ತು. ಹತ್ತುವಾಗ ಅದು ನೆನಪಾಗಲಿಲ್ಲ, ಇಳಿದು ಬಂದ ಮೇಲೆ ಆಯಿತು.

ಗದಿಗೆಮ್ಮ ಹೊಸ್ತಿಲಲ್ಲೇ ಕುಳಿತು ಲಿಂಬೆಹಣ್ಣು ಹೆಚ್ಚುತ್ತಿದ್ದಳು. ನಾನು ಹೇಳಿದ್ದು ಇಷ್ಟು, ಇವರು ನಂಬುವುದಿಲ್ಲ:

"ನನ್ನ ಮಗಳು ಜೀವಂತ ಇದ್ದಾಗ ಒಂದು ಕಡೆ ಐದು ನಿಮಿಷ ಕುಂತಾಕಿ ಅಲ್ಲ. ಈಗ ಬಂದು ನಿಮ್ಮ ಮನ್ಯಾಗ ಐದು ದಿನ ಕುಂತಾಳೇನು? ಸಪ್ನಾ ಯಾರನ್ನೂ ಹಿಡಿಯಾಕಿ ಅಲ್ಲ. ಹಿಡಿದಿದ್ರ ಮೊದಲ ನನ್ನ ಹಿಡೀತಿದ್ಲು, ನಾ ಕರದೀನಿ ಆಕಿನ್ನ, ದಿನಾ ಕರದೀನಿ. ಬರಲಿಲ್ಲ."

ಗದಿಗೆಮ್ಮ ಲಿಂಬೆಹಣ್ಣು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಆ ಹಣ್ಣಿನ ಶರಬತ್ತನ್ನೇ ಎಲ್ಲರಿಗೂ ಕೊಟ್ಟಳು. ಅವಳೂ ಪಾಪ ಹೆದರಿದ್ದಳು.

ಕಾವ್ಯಾ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣುಗಳು ಒಳಗೆ ಹೋಗಿದ್ದವು. "ನಡದು ಬಂದ್ರೇನ್ರಿ ಅವ್ವಾರ?" ಎಂದಳು. ಮೆಟ್ರೋದಲ್ಲಿ ಬಂದೆ ಎಂದೆ. ಹಣೆ ಮುಟ್ಟಿ ನೋಡಿದೆ. ಬಿಸಿ ಇತ್ತು, ಬಹಳ ಅಲ್ಲ. ಗಂಜಿ ಮಾಡಿ ಕುಡಿಸಿದೆ. ಉಪ್ಪು ಕಡಿಮೆ ಎಂದಳು.

ಬಿಲ್ಲೆಯ ಡಬ್ಬಿ ತರಲೇ ಎಂದು ಉಮಾಬಾಯಿ ಕೇಳಿದರು. ನಾನು ಹೂಂ ಎಂದೆ. ಕಾವ್ಯಾ ತಲೆ ಅಲ್ಲಾಡಿಸಿದಳು. "ಹೆದರಿಕಿಗೆ ಕಟ್ಟೂದು ಬ್ಯಾಡ್ರಿ. ಮೊದಲ ಆಕಿ ಹ್ಯಾಂಗಿದ್ಲು ಹೇಳ್ರಿ."

ಇವತ್ತು ಒಂದೇ ಹೇಳಿ ಬಂದೆ. ಸಪ್ನಾ ಮೂರನೆಯ ಇಯತ್ತೆಯಲ್ಲಿದ್ದಾಗ ಶಾಲೆಗೆ ಹೋಗುತ್ತೇನೆಂದು ಹೇಳಿ ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ನಾಂಪಲ್ಲಿಗೆ ಹೋಗಿ ಅದೇ ರೈಲಿನಲ್ಲಿ ವಾಪಸು ಬಂದದ್ದು. ಎಷ್ಟು ದಿನ ಹಾಗೆ ಮಾಡಿದಳೋ, ಹಾಜರಿ ಕಡಿಮೆಯಾಗಿ ಮಾಸ್ತರು ಮನೆಗೆ ಬಂದ ಮೇಲೆ ಗೊತ್ತಾಯಿತು. ಯಾಕೆ ಎಂದರೆ, ಕಿಟಕಿ ಸೀಟು ಖಾಲಿ ಇತ್ತು ಎಂದಳು.

ಕಿರಣನಿಗೂ ಇದು ಗೊತ್ತಿರಲಿಲ್ಲವಂತೆ. ಬಾಗಿಲಲ್ಲಿ ನಿಂತು ಕೇಳಿದ.

ಮಾರ್ಚ್ 9, ಭಾನುವಾರ

ಜ್ವರ ಬಿಟ್ಟಿದೆ. ಗದಿಗೆಮ್ಮ ಊರಿಗೆ ಹೋದಳು. ನಾನು ಎರ್ರಗಡ್ಡಕ್ಕೆ ಮೂರನೆಯ ಸಲ ಹೋಗಿ ಬಂದೆ.

ಶಿವಶರಣಪ್ಪನವರು ಯುಗಾದಿಗೆ ಇನ್ನೊಂದು ಗುಂಪು ಹೊರಡಿಸುತ್ತಿದ್ದಾರೆ. ನಮ್ಮ ಮಂದಿ ನಮ್ಮ ಹೊತ್ತಿಗೇ ಹೋಗಬೇಕು ಎಂದು ಅವರ ಹಟ. ನನ್ನನ್ನೂ ಕರೆದರು. ಕಾಲು ತೋರಿಸಿದೆ. ನೀರೆಲ್ಲಿ ಇಲ್ಲ, ಎಲ್ಲಿ ಕುಳಿತು ಇಳಿಯಬೇಕು ಎಂಬುದನ್ನು ಮಾತ್ರ ಹೇಳಿ ಕಳಿಸಿದೆ.

ಇವತ್ತು ಕಾವ್ಯಾಳಿಗೆ ತಲೆ ಎರೆದು, ಕೂದಲು ಒಣಗಿಸುತ್ತಾ ಮಾತಾಡುತ್ತಿದ್ದೆ. ಮದುವೆಗೆ ಮುಂಚೆ ಒಮ್ಮೆ ಸಪ್ನಾ ನನ್ನ ಮೇಲೆ ಸಿಟ್ಟು ಮಾಡಿ ನಾಲ್ಕು ದಿನ ಮಾತು ಬಿಟ್ಟದ್ದು, ಆ ನಾಲ್ಕೂ ದಿನ ಗೋಡೆಗೆ ಹೇಳಿದಂತೆ ಎಲ್ಲವನ್ನೂ ನನಗೇ ಹೇಳುತ್ತಿದ್ದದ್ದು. ಹೇಳುತ್ತಲೇ ಡಬ್ಬಿ ತೆಗೆದು, ಬಿಲ್ಲೆ ಪೋಣಿಸಿ, ಗಂಟು ಹಾಕಿದೆ. ಉಮಾಬಾಯಿ ಆರತಿ ತಟ್ಟೆ ತರುವಷ್ಟರಲ್ಲಿ ಮುಗಿದುಹೋಗಿತ್ತು. ಇಷ್ಟು ದಿನ ಕಾಯಿಸಿ ಹೀಗೇನ್ರಿ ಕಟ್ಟೂದು ಎಂದು ಬೈದರು. ಮತ್ತೆ ಬಿಚ್ಚಲು ಆಗುತ್ತದೆಯೇ?

ಕಾವ್ಯಾ ಬಿಲ್ಲೆಯನ್ನು ತಿರುವಿ ನೋಡಿದಳು. ಆಮೇಲೆ ಕೇಳಿದಳು:

"ಆಕಿ, ನಾ, ಇಬ್ರೂ ನಿಮ್ಮ ಹೊಟ್ಯಾಗ ಹುಟ್ಟಿದ್ರ ನಮ್ಮಿಬ್ರಿಗೂ ಕೂಡಿ ಬರ್ತಿತ್ತೇನ್ರಿ?"

"ಇಲ್ಲ" ಎಂದೆ. "ಆಕಿ ಕುಡದ ಕಪ್ಪು ಎಲ್ಲೆಂದ್ರಲ್ಲೆ ಇಡ್ತಿದ್ಲು. ನೀ ಸುಮ್ಮನಿರಾಕಿ ಅಲ್ಲ. ದಿನಾ ಜಗಳ ಆಡ್ತಿದ್ರಿ."

"ನೀವು ಯಾರ ಕಡಿ ಇರ್ತಿದ್ರಿ?"

ಸುಳ್ಳು ಹೇಳಬಾರದು ಎನ್ನಿಸಿತು.

"ಆಕಿ ಕಡಿ."

"ಇರಬೇಕಲ್ರಿ ಮತ್ತ" ಎಂದಳು. ಕೂದಲು ಹಿಂದಕ್ಕೆ ಹಾಕಿಕೊಂಡಳು. ಮುಖ ಬೇರೆ ಕಡೆ ತಿರುಗಿಸಿದಳು.

"ಎಲ್ಲಾರ ಮುಂದ" ಎಂದೆ. "ಆಮ್ಯಾಲೆ ಒಳಗ ಕರದು ಆಕಿಗೆ ಬೈತಿದ್ದೆ. ಕಪ್ಪು ತೊಳಿ ಅಂತ."